ಮಹಜರಿನ 64 ಅಕ್ಷರ

ಕದ್ದ ಬೈಕೋ ಕೊಲೆಗೆ ಬಳಸಿದ ಮಚ್ಚೋ ಸಿಕ್ಕಾಗ ಪೊಲೀಸರು ಮಹಜರು ಬರೆಯುತ್ತಾರೆ. ಇಬ್ಬರು ಪಂಚರನ್ನು ಕರೆದು, ವಸ್ತು ಎಲ್ಲಿತ್ತು, ಹೇಗಿತ್ತು, ಎಷ್ಟು ಉದ್ದ, ಏನು ಗುರುತು ಎಂಬುದನ್ನೆಲ್ಲ ಅವರೆದುರೇ ಬರೆದು, ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿ, ಚೀಟಿಗೆ ಪಂಚರ ಸಹಿ ಹಾಕಿಸುತ್ತಾರೆ. ಅಂದು ಸಿಕ್ಕ ಮಚ್ಚೇ ಇಂದು ನ್ಯಾಯಾಲಯದ ಮೇಜಿನ ಮೇಲಿದೆ ಎಂದು ತೋರಿಸುವುದಷ್ಟೇ ಇದರ ಉದ್ದೇಶ. ಈಗ ಮಚ್ಚಿನ ಜಾಗಕ್ಕೆ ಮೊಬೈಲು, ಪೆನ್‌ಡ್ರೈವ್, ಸಿಸಿಟಿವಿಯ ಡಿವಿಆರ್ ಬಂದಿವೆ. ಅರಗು ಇವುಗಳ ಹೊರಮೈಯನ್ನು ಕಾಯಬಲ್ಲದು. ಒಳಗಿನ ಸಂದೇಶ, ಚಿತ್ರ, ಹಣ ವರ್ಗಾವಣೆಯ ದಾಖಲೆಗಳನ್ನು ಯಾರು ಕಾಯಬೇಕು? ಬೆಂಗಳೂರಿನ ಅರಮನೆ ರಸ್ತೆಯ ಕಾರ್ಲ್‌ಟನ್ ಹೌಸ್ ಸಿಐಡಿಯ ಪ್ರಧಾನ ಕಚೇರಿ. ಅಲ್ಲಿರುವ ಸೈಬರ್ ಅಪರಾಧ ತನಿಖಾ ತರಬೇತಿ ಮತ್ತು ಸಂಶೋಧನಾ ಕೇಂದ್ರ ಇರುವುದು ಇಂಥ ಪ್ರಶ್ನೆಗಳಿಗಾಗಿಯೇ. ಹೊಸ ಯಂತ್ರಗಳನ್ನು ಕಂಡು ಇದೊಂದು ಹೊಸ ವಿದ್ಯೆ ಎಂದುಕೊಳ್ಳುವುದು ಸಹಜ. ನಿಜಕ್ಕೂ ಇದು ಮಹಜರಿನ ಹಳೆಯ ವಿದ್ಯೆಯೇ. ಆದ್ದರಿಂದಲೇ ಇದು ರಾಜಧಾನಿಯ ಒಂದು ಕಟ್ಟಡದಲ್ಲಿ ಉಳಿಯದೆ ತಾಲ್ಲೂಕಿನ ಠಾಣೆಗೂ ಇಳಿಯಬೇಕು.

ಸೈಬರ್ ತನಿಖೆಯ ಚರಿತ್ರೆ ಉದ್ದದ್ದಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು. ಮರುವರ್ಷವೇ ಬೆಂಗಳೂರಿನ ಸಿಐಡಿಯಲ್ಲಿ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಶುರುವಾಯಿತು. ಆಮೇಲೆ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ಒಟ್ಟಿಗೆ ನೋಡುವ ಸೆನ್ ಠಾಣೆಗಳು ಬಂದವು. ತರಬೇತಿ ಕೇಂದ್ರವನ್ನು ಸಿಐಡಿಯ ಜೊತೆ ಇನ್ಫೋಸಿಸ್ ಫೌಂಡೇಶನ್ ಮತ್ತು ಡೇಟಾ ಸೆಕ್ಯೂರಿಟಿ ಕೌನ್ಸಿಲ್ ಆಫ್ ಇಂಡಿಯಾ ಸೇರಿ ಕಟ್ಟಿದವು. ಪೊಲೀಸರಲ್ಲದೆ ಸರ್ಕಾರಿ ಅಭಿಯೋಜಕರಿಗೂ ನ್ಯಾಯಾಧೀಶರಿಗೂ ಇಲ್ಲಿ ತರಬೇತಿ ಇದೆ. ಸಾಕ್ಷ್ಯವನ್ನು ಹುಡುಕುವವರು, ಮಂಡಿಸುವವರು, ತೂಗುವವರು ಒಂದೇ ಪರಿಭಾಷೆಯನ್ನು ಬಲ್ಲವರಾಗಿರಬೇಕು ಎಂಬ ತಿಳಿವಳಿಕೆ ಇದರ ಹಿಂದಿದೆ.

ಆ ಪರಿಭಾಷೆಯ ಮುಖ್ಯ ಪದ ಹ್ಯಾಶ್. ಇದನ್ನು ಹತ್ತಿರದಿಂದ ನೋಡದೆ ಡಿಜಿಟಲ್ ಸಾಕ್ಷ್ಯ ಅರ್ಥವಾಗುವುದಿಲ್ಲ. ಒಂದು ಕಡತವನ್ನೋ ಇಡೀ ಹಾರ್ಡ್‌ಡಿಸ್ಕನ್ನೋ ಶಾ-256 ಎಂಬ ಗಣಿತಸೂತ್ರಕ್ಕೆ ಒಡ್ಡಿದರೆ 64 ಅಕ್ಷರಗಳ ಸಾಲೊಂದು ಹೊರಬರುತ್ತದೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು, ಇಂಗ್ಲಿಷಿನ ಮೊದಲ ಆರು ಅಕ್ಷರಗಳು, ಇವಿಷ್ಟರದೇ ಕಲಸುಮೇಲೋಗರ. ಎರಡು ಸಾಲಿನ ಕಾಗದಕ್ಕೂ 64 ಅಕ್ಷರ, ಸಿನಿಮಾಗಳನ್ನೇ ತುಂಬಿಟ್ಟ ಡಿಸ್ಕಿಗೂ 64 ಅಕ್ಷರ. ಎಷ್ಟು ಸಲ ಲೆಕ್ಕ ಹಾಕಿದರೂ ಅದೇ ಸಾಲು ಬರುತ್ತದೆ. ಆದರೆ ಕಾಗದದಲ್ಲಿ ಒಂದು ಅಲ್ಪವಿರಾಮ ಅಳಿಸಿದರೂ ಸಾಲಿಗೆ ಸಾಲೇ ಗುರುತು ಸಿಗದಷ್ಟು ಬದಲಾಗುತ್ತದೆ. ತನಿಖಾಧಿಕಾರಿ ಡಿಸ್ಕನ್ನು ನೇರವಾಗಿ ತೆರೆಯುವಂತಿಲ್ಲ. ತೆರೆದ ಕ್ಷಣವೇ ಕಂಪ್ಯೂಟರ್ ತಾನಾಗಿ ಅದರೊಳಗೆ ಏನಾದರೂ ಬರೆದುಬಿಡುತ್ತದೆ. ಆದ್ದರಿಂದ ಓದಲು ಬಿಟ್ಟು ಬರೆಯಲು ಬಿಡದ ರೈಟ್ ಬ್ಲಾಕರ್ ಎಂಬ ಪುಟ್ಟ ಸಾಧನವನ್ನು ನಡುವೆ ಇಟ್ಟು, ಅಳಿಸಿಹೋದ ಕಡತಗಳ ಪಳೆಯುಳಿಕೆಯೂ ಸೇರಿದಂತೆ ಡಿಸ್ಕಿನ ಯಥಾಪ್ರತಿ ತೆಗೆಯುತ್ತಾರೆ. ಮೂಲದ ಹ್ಯಾಶ್ ಮತ್ತು ಪ್ರತಿಯ ಹ್ಯಾಶ್ ತಾಳೆಯಾದರೆ ಆ 64 ಅಕ್ಷರ ಮಹಜರಿಗೆ ಸೇರುತ್ತವೆ, ಕೆಳಗೆ ಪಂಚರ ಸಹಿ ಬೀಳುತ್ತದೆ. ಮುಂದೆ ಪರೀಕ್ಷೆಯೆಲ್ಲ ಪ್ರತಿಯ ಮೇಲೆ, ಮೂಲಕ್ಕೆ ಮುದ್ದೆಮಾಲಿನ ಕೋಣೆ. ಅರಗಿನ ಮುದ್ರೆಯನ್ನು ಒಡೆದು ಮತ್ತೆ ಒತ್ತಬಹುದು. ಈ ಮುದ್ರೆಯನ್ನು ಹಾಗೆ ಮಾಡಲು ಬಾರದು, ಮೂಲದಲ್ಲಿ ಚೂರು ಬದಲಾದರೂ ಮಹಜರಿನಲ್ಲಿರುವ ಸಾಲು ಅದನ್ನು ಹೇಳಿಬಿಡುತ್ತದೆ.

ಹ್ಯಾಶಿಗೂ ಮಿತಿಯಿದೆ. ಲೆಕ್ಕ ಹಾಕಿದ ಮೇಲೆ ಏನೂ ಬದಲಾಗಿಲ್ಲ ಎಂದಷ್ಟೇ ಅದು ಹೇಳಬಲ್ಲದು, ಅದಕ್ಕೂ ಮೊದಲು ಏನಾಯಿತೆಂಬುದು ಅದಕ್ಕೆ ಗೊತ್ತಿಲ್ಲ. ‘ಇದೆಲ್ಲ ಕಂಪ್ಯೂಟರ್ ಓದಿದ ತಜ್ಞರ ಕೆಲಸ, ಠಾಣೆಯವರಿಗೆ ಏಕೆ?’ ಎಂಬ ಆಕ್ಷೇಪಕ್ಕೆ ಉತ್ತರ ಇಲ್ಲಿಯೇ ಇದೆ. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರ ಕೈಗೆ ವಸ್ತು ತಲುಪುವ ಮೊದಲೇ ಅದನ್ನು ಕೈಯಲ್ಲಿ ಹಿಡಿದವರು ಠಾಣೆಯವರು. ಜಪ್ತಿಯಾದ ಫೋನು ನೆಟ್‌ವರ್ಕಿನಲ್ಲೇ ಇದ್ದರೆ ಅದರ ಒಡೆಯ ದೂರದಿಂದಲೇ ಎಲ್ಲವನ್ನೂ ಅಳಿಸಬಹುದು. ಅದಕ್ಕೇ ತರಂಗಗಳನ್ನು ತಡೆಯುವ ಫ್ಯಾರಡೆ ಚೀಲ ಬೇಕು. ಆರಿರುವ ಕಂಪ್ಯೂಟರನ್ನು ಹಾಕಬಾರದು. ಚಾಲನೆಯಲ್ಲಿರುವುದನ್ನು ಆರಿಸುವ ಮುನ್ನ ಯೋಚಿಸಬೇಕು, ಏಕೆಂದರೆ ಬೀಗ ಹಾಕಿದ ಡಿಸ್ಕಿನ ಕೀಲಿ ತಾತ್ಕಾಲಿಕ ಸ್ಮೃತಿಯಲ್ಲಿದ್ದು ವಿದ್ಯುತ್ತಿನ ಜೊತೆಗೇ ಹೋಗಿಬಿಡಬಹುದು. ಕರ್ನಾಟಕ ಹೈಕೋರ್ಟ್ 2021ರಲ್ಲಿ ವೀರೇಂದ್ರ ಖನ್ನಾ ಪ್ರಕರಣದ ತೀರ್ಪಿನಲ್ಲಿ ಇಂಥ ಸೂಚನೆಗಳನ್ನು ಒಂದೊಂದಾಗಿ ಬರೆದಿದೆ. ಶೋಧಕ್ಕೆ ಹೋಗುವಾಗ ಅರ್ಹ ತಜ್ಞರನ್ನು ಕರೆದೊಯ್ಯಬೇಕೆಂದೂ ಹೇಳಿದೆ. ಆದರೆ ರಾತ್ರಿ ಎರಡು ಗಂಟೆಗೆ ತಾಲ್ಲೂಕಿನ ಮೂಲೆಯೊಂದರಲ್ಲಿ ಫೋನು ಸಿಕ್ಕಾಗ ಪಕ್ಕದಲ್ಲಿರುವುದು ಒಬ್ಬ ಪೇದೆ. ಕುತೂಹಲಕ್ಕೆ ಅದನ್ನು ತೆರೆದು ನೋಡದಿರುವಷ್ಟು ಸಂಯಮ ಅವರಿಗೆ ಕಲಿಸಿದ್ದರೆ ಅರ್ಧ ತನಿಖೆ ಉಳಿದಂತೆ.

ಇಷ್ಟೆಲ್ಲ ಕಟ್ಟಳೆ ಅಪರಾಧಿ ನುಸುಳಲು ದಾರಿಯಾಗುತ್ತದೆ ಎನ್ನುವವರಿದ್ದಾರೆ. ಪ್ರಮಾಣಪತ್ರವಿಲ್ಲವೆಂದು ಸಾಕ್ಷ್ಯ ಬಿದ್ದುಹೋಗುವುದನ್ನು ಕಂಡವರ ನೋವು ಸುಳ್ಳಲ್ಲ. 2020ರಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಗೆ ಪ್ರಮಾಣಪತ್ರ ಕಡ್ಡಾಯವೆಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಎರಡು ಭಾಗಗಳಿವೆ, ಒಂದಕ್ಕೆ ದಾಖಲೆ ಕೊಡುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಎರಡರಲ್ಲೂ ಹ್ಯಾಶ್ ಬರೆಯಲೇಬೇಕು. ಈ ಬಿಗಿಯಿಂದ ತನಿಖೆಯ ಕೆಲಸ ಹೆಚ್ಚಿದ್ದು ನಿಜ. ಆದರೆ ಬಿಗಿಯಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆಯಿದೆ. 2007ರಲ್ಲಿ, ಜಾಲತಾಣದಲ್ಲಿ ಚಿತ್ರವೊಂದನ್ನು ಹಾಕಿದ ಆರೋಪದ ಮೇಲೆ, ಐಪಿ ವಿಳಾಸದ ತಪ್ಪು ವಿವರವನ್ನು ನಂಬಿ ನಗರದ ಯುವಕನೊಬ್ಬನನ್ನು ಬಂಧಿಸಲಾಯಿತು. ಆ ಚಿತ್ರ ಹಾಕಿದವನು ಅವನಲ್ಲ ಎಂದು ತಿಳಿಯುವ ಹೊತ್ತಿಗೆ ಅವನು 50 ದಿನ ಜೈಲಿನಲ್ಲಿ ಕಳೆದಿದ್ದ. ಐಪಿ ವಿಳಾಸವೆಂದರೆ ಮನೆಯ ನಂಬರಲ್ಲ, ಅದು ಗಂಟೆಗೊಬ್ಬರ ಕೈಗೆ ಹೋಗಬಹುದು, ಒಂದೇ ಹೊತ್ತಿಗೆ ಹಲವರ ಕೈಯಲ್ಲೂ ಇರಬಹುದು. ಹಾಗಾಗಿ ಅದು ಯಾವ ಹೊತ್ತಿನಲ್ಲಿ ಯಾರ ಕೈಯಲ್ಲಿತ್ತು ಎಂಬುದು ಮುಖ್ಯ. ವಿದೇಶಿ ಕಂಪನಿಗಳ ದಾಖಲೆಯಲ್ಲಿ ಸಾಮಾನ್ಯವಾಗಿ ಇರುವುದು ಜಾಗತಿಕ ಸಮಯ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಲ್ಲಿಯ ರಾತ್ರಿ ಹನ್ನೊಂದೂವರೆ ಇಲ್ಲಿ ಮರುದಿನದ ಬೆಳಗಿನ ಐದು. ಈ ಕೂಡುವ ಲೆಕ್ಕ ಮರೆತ ದಿನ ಪೊಲೀಸರು ಬೇರೆ ಯಾರದೋ ಬಾಗಿಲು ತಟ್ಟುತ್ತಾರೆ. ಕಟ್ಟಳೆ ಕಾಯುವುದು ಆ ಬಾಗಿಲ ಹಿಂದೆ ಮಲಗಿರುವವರನ್ನೂ ಹೌದು.

ತಂತ್ರಜ್ಞಾನ ಬದಲಾಗುತ್ತಲೇ ಇರುವಾಗ ಇಂದಿನ ಪಾಠ ನಾಳೆಗೆ ಹಳಸುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಸಾಧನಗಳು ಹಳಸುತ್ತವೆ. ಎಂಡಿ5 ಎಂಬ ಹಳೆಯ ಹ್ಯಾಶ್ ಸೂತ್ರದಲ್ಲಿ ಎರಡು ಬೇರೆ ಕಡತಗಳಿಗೆ ಒಂದೇ ಸಾಲು ಬರಿಸಬಹುದೆಂದು ಚೀನಾದ ಗಣಿತಜ್ಞೆ ವಾಂಗ್ ಷಿಯಾಯುನ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಆಗ ಬದಲಾಗಬೇಕಾದದ್ದು ಸೂತ್ರ ಮಾತ್ರ. ಮೂಲವನ್ನು ಮುಟ್ಟಬೇಡ, ಮಾಡಿದ್ದನ್ನು ಮಾಡಿದ ಹೊತ್ತಿನಲ್ಲೇ ಬರೆ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಲೆಕ್ಕ ಇಡು ಎಂಬ ಪಾಠ ಮಚ್ಚಿನ ಕಾಲಕ್ಕೂ ಸರಿಯಾಗಿತ್ತು, ಈಗಲೂ ಸರಿ.

ಹೆಚ್ಚು ಚಿಂತೆ ಹುಟ್ಟಿಸುವುದು ವರ್ಗಾವಣೆ. ಕಲಿತುಬಂದ ಅಧಿಕಾರಿ ಇನ್ನೊಂದು ಠಾಣೆಗೆ, ಬಂದೋಬಸ್ತಿಗೆ, ಸಂಚಾರ ವಿಭಾಗಕ್ಕೆ ಹೋದಾಗ ಕಲಿತದ್ದೂ ಅವರ ಜೊತೆ ಹೋಗುತ್ತದೆ, ಕುರ್ಚಿಗೆ ಬಂದವರು ಮೊದಲಿನಿಂದ ಶುರುಮಾಡಬೇಕು. ಸೈಬರ್ ವಂಚನೆಯಲ್ಲಿ ಹಣ ಕಳೆದುಕೊಂಡವರು ಸಹಾಯವಾಣಿ 1930ಕ್ಕೆ ಕರೆ ಮಾಡಿ ಕಾಯುತ್ತಾರೆ, ಪ್ರಕರಣವೋ ವರ್ಷಗಟ್ಟಲೆ ನಡೆಯುತ್ತದೆ. ಅಷ್ಟು ಕಾಲ ಯಾವುದೋ ಠಾಣೆಯ ಮುದ್ದೆಮಾಲಿನ ಕೋಣೆಯಲ್ಲಿ, ತುಕ್ಕು ಹಿಡಿದ ಮಚ್ಚುಗಳ ಪಕ್ಕ, ಬಟ್ಟೆ ಸುತ್ತಿದ ಫೋನೊಂದು ಬ್ಯಾಟರಿ ಇಳಿದು ಮಲಗಿರುತ್ತದೆ. ವಿಚಾರಣೆಯ ದಿನ ಅದನ್ನು ಬಿಚ್ಚಿದಾಗ ಮಹಜರಿನಲ್ಲಿ ಆ 64 ಅಕ್ಷರ ಇರುತ್ತವೋ ಇಲ್ಲವೋ. ಬರೆಯಬೇಕಾಗಿದ್ದವರು ಅಷ್ಟು ಹೊತ್ತಿಗೆ ಬೇರೆ ಊರಿನಲ್ಲಿರುತ್ತಾರೆ.