ತೋರುಬೆರಳಿನ ಭಾರ ಇಳಿಸುವ ಬಗೆ

ಗಿಟಾರ್ ಕಲಿಯತೊಡಗಿದ ಮಕ್ಕಳು ಮೊದಲ ಕೆಲವು ತಿಂಗಳು ಉತ್ಸಾಹದಿಂದ ನುಡಿಸಿ, ‘ಎಫ್ ಮೇಜರ್’ ಎಂಬ ಪಾಠ ಬಂದೊಡನೆ ವಾದ್ಯವನ್ನು ಮೂಲೆಗೆ ಒರಗಿಸಿಬಿಡುವುದುಂಟು. ಪಾಲಕರು ಇದನ್ನು ಆಲಸ್ಯವೆಂದು ಗದರಿಸುತ್ತಾರೆ. ಮಕ್ಕಳು ತಮ್ಮ ಬೆರಳಿಗೆ ಬಲವಿಲ್ಲವೆಂದು ಕೊರಗುತ್ತಾರೆ. ಎರಡೂ ಸರಿಯಲ್ಲ. ಕಷ್ಟವಿರುವುದು ಬಲದಲ್ಲಲ್ಲ, ಹಿಡಿತದ ಕ್ರಮದಲ್ಲಿ.

ಹಲವು ಸ್ವರಗಳು ಏಕಕಾಲಕ್ಕೆ ಧ್ವನಿಸುವುದಕ್ಕೆ ಕಾರ್ಡ್ ಎಂದು ಹೆಸರು. ತೋರುಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಮಲಗಿಸಿ ಹಿಡಿಯುವುದೇ ಬಾರ್ ಕಾರ್ಡ್. ಕಲಿಯುವವರು ಆ ಒಂದೇ ಬೆರಳಿನಿಂದ ಆರೂ ತಂತಿಗಳನ್ನು ಸಮನಾಗಿ ಅದುಮಲು ಹೆಣಗುತ್ತಾರೆ. ಅದರ ಅಗತ್ಯವೇ ಇಲ್ಲ. ಅತಿ ತೆಳುವಾದ ತಂತಿಯಿಂದ ಎಣಿಸಿದರೆ, ಎಫ್ ಮೇಜರಿನಲ್ಲಿ ಮೂರನೆಯ ತಂತಿಯನ್ನು ಎರಡನೆಯ ಮೆಟ್ಟಿಲಲ್ಲಿ ನಡುಬೆರಳು ಒತ್ತಿರುತ್ತದೆ. ನಾಲ್ಕನೆಯದನ್ನು ಕಿರುಬೆರಳೂ ಐದನೆಯದನ್ನು ಉಂಗುರಬೆರಳೂ ಮೂರನೆಯ ಮೆಟ್ಟಿಲಲ್ಲಿ ಹಿಡಿದಿರುತ್ತವೆ. ತೋರುಬೆರಳಿನ ಪಾಲಿಗೆ ಉಳಿಯುವುದು ಒಂದು, ಎರಡು ಹಾಗೂ ಆರನೆಯ ತಂತಿಗಳು ಮಾತ್ರ. ನಡುವಿನ ಮೂರರ ಮೇಲೆ ಅದು ಸುಮ್ಮನೆ ಒರಗಿದ್ದರೆ ಸಾಕು.

ಬೆರಳಿನ ಒಳಮೈ ಮೆತ್ತಗಿದ್ದು, ಗೆಣ್ಣಿನ ಮಡಿಕೆಗಳಲ್ಲಿ ತಂತಿ ಹುದುಗಿ ಮೂಕವಾಗುತ್ತದೆ. ಆದುದರಿಂದ ಬೆರಳನ್ನು ಹೆಬ್ಬೆರಳಿನ ಕಡೆಗೆ ತುಸು ಹೊರಳಿಸಿ, ಎಲುಬು ತಾಗುವ ಅಂಚಿನಿಂದ, ಮೆಟ್ಟಿಲಿನ ಲೋಹದ ಪಟ್ಟಿಗೆ ತೀರ ಹತ್ತಿರವಾಗಿ ಒತ್ತಬೇಕು. ಪಟ್ಟಿಯಿಂದ ದೂರ ಸರಿದಷ್ಟೂ ಶ್ರಮ ಹೆಚ್ಚು.

ಇನ್ನು ಹೆಬ್ಬೆರಳು. ಇಕ್ಕಳದಂತೆ ಹಿಚುಕುವುದರಿಂದಲೇ ಅದರ ಬುಡ ನೋಯುತ್ತದೆ. ವಾದ್ಯದ ಒಡಲ ಮೇಲೆ ಬಲಗೈ ಹಗುರವಾಗಿ ಒರಗಿರಲಿ. ಎಡ ಮೊಣಕೈ ಸಡಿಲವಾಗಿ ಇಳಿಬೀಳಲಿ. ತೋಳಿನ ತೂಕವೇ ಬೆರಳನ್ನು ಹಿಂದಕ್ಕೆ ಸೆಳೆಯುತ್ತದೆ. ಹೆಬ್ಬೆರಳನ್ನು ಕ್ಷಣಕಾಲ ಎತ್ತಿ ನುಡಿಸಿ ನೋಡಿದರೆ ಈ ಮಾತಿನ ನಿಜ ತಿಳಿಯುತ್ತದೆ. 1928ರ ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳುಗಳು ಊನಗೊಂಡ ಬಳಿಕವೂ ಜಾಂಗೋ ರೈನ್‌ಹಾರ್ಟ್ ಜಗತ್ಪ್ರಸಿದ್ಧ ಗಿಟಾರ್ ವಾದಕನಾದದ್ದು ಬರಿಯ ಬೆರಳಬಲದಿಂದಲ್ಲ.

ಅಭ್ಯಾಸವನ್ನು ಐದನೆಯ ಮೆಟ್ಟಿಲಿನಿಂದ ಆರಂಭಿಸುವುದು ಲೇಸು. ಇದೇ ಹಿಡಿತ ಅಲ್ಲಿ ‘ಎ ಮೇಜರ್’ ಆಗುತ್ತದೆ. ಅಲ್ಲಿ ತಂತಿ ಸುಲಭವಾಗಿ ಬಾಗುತ್ತದೆ; ತಲೆಯ ಕಡೆಗೆ ಸರಿದಂತೆ ಬಿಗಿಯೆನಿಸುತ್ತದೆ. ದಿನಕ್ಕೆ ಐದಾರು ನಿಮಿಷ ನುಡಿಸುತ್ತ, ಒಂದೊಂದೇ ಮೆಟ್ಟಿಲು ಕೆಳಗಿಳಿದು ಎಫ್ ತಲುಪಬಹುದು. ಬೆರಳ ತುದಿ ಉರಿದರೆ ಚಿಂತೆಯಿಲ್ಲ. ಮಣಿಕಟ್ಟು ನೊಂದರೆ ಕೂಡಲೇ ನಿಲ್ಲಿಸತಕ್ಕದ್ದು.

ಇಷ್ಟಾದರೂ ಮೊದಲ ಮೆಟ್ಟಿಲಲ್ಲಿ ಮಾತ್ರ ಸ್ವರ ಹೊಮ್ಮದಿದ್ದರೆ ದೋಷ ವಾದ್ಯದ್ದಿರಬಹುದು. ಅಗ್ಗದ ಗಿಟಾರುಗಳಲ್ಲಿ ತಲೆಯ ಬಳಿ ತಂತಿ ಕೂರುವ ಗಾಡಿಗಳು ಅನೇಕ ವೇಳೆ ಎತ್ತರವಾಗಿರುತ್ತವೆ. ವಾದ್ಯ ದುರಸ್ತಿ ಬಲ್ಲವರು ಅವನ್ನು ಅರದಿಂದ ಉಜ್ಜಿ ತಗ್ಗಿಸಿಕೊಡುತ್ತಾರೆ. ಉಕ್ಕಿನ ತಂತಿಗಳಿದ್ದರೆ ತೆಳುವಾದವನ್ನು ಹಾಕಿಸಬಹುದು.