ಎತ್ತುಜೋಲಿಯ ಆಯ್ಕೆ: ರೋಗಿಯನ್ನು ಸುರಕ್ಷಿತವಾಗಿ ಎತ್ತಿ ಸ್ಥಳಾಂತರಿಸುವ ಬಗೆ

ಕನ್ನಡದಲ್ಲಿ ಜೋಲಿ ಎಂದರೆ ತೂಗುಬಿಟ್ಟ ಬಟ್ಟೆ. ಹಸುಗೂಸನ್ನು ಮಲಗಿಸಲು ತೊಲೆಗೆ ಕಟ್ಟುವ ಹಳೆಯ ಸೀರೆಯೂ ಜೋಲಿಯೇ, ನಡೆಯಲಾರದವರನ್ನು ಬೆಟ್ಟದಿಂದ ಇಳಿಸಲು ಗಳುವಿಗೆ ಕಟ್ಟುವ ಕಂಬಳಿಯೂ ಜೋಲಿಯೇ. ಎರಡನೆಯದನ್ನು ತಮಿಳುನಾಡಿನ ಬೆಟ್ಟದ ಊರುಗಳಲ್ಲಿ ಡೋಲಿ ಎನ್ನುತ್ತಾರೆ. ಕೊಡೈಕಾನಲ್‌ನಿಂದ ಪೆರಿಯಕುಳಂ ಕಡೆಗೆ ಇಳಿಯುವ ಕಾಲುದಾರಿಯಲ್ಲಿರುವ ವೆಳ್ಳಗವಿಯಂತಹ ಊರುಗಳಲ್ಲಿ ದೀರ್ಘಕಾಲ ವಾಹನದ ದಾರಿಯೇ ಇರಲಿಲ್ಲ. ಗರ್ಭಿಣಿಯರೂ ಮುದುಕರೂ ಡೋಲಿಯಲ್ಲೇ ಆಸ್ಪತ್ರೆ ಸೇರಬೇಕಾಗಿತ್ತು. 2018ರ ಮಾರ್ಚ್ 11ರಂದು ತೇಣಿ ಜಿಲ್ಲೆಯ ಬೋಡಿನಾಯಕನೂರಿನ ಮೇಲಿನ ಕುರಂಗಣಿ ಕಾಡಿನಲ್ಲಿ ಬೆಂಕಿಗೆ ಸಿಕ್ಕಿದ ಚಾರಣಿಗರನ್ನು ಕೆಳಗಿಳಿಸುವಾಗಲೂ ಸ್ಥಳೀಯರ ಕೈಗೆ ಮೊದಲು ಒದಗಿದ್ದು ಬಟ್ಟೆ ಮತ್ತು ಕಂಬಳಿ. ಮಲೆಮಹದೇಶ್ವರ ಬೆಟ್ಟದ ಇಂಡಿಗನತ್ತ, ದೊಡ್ಡಾಣೆಗಳ ಕನ್ನಡಿಗರಿಗೂ ಡೋಲಿ ಹೊಸದಲ್ಲ.

ದಾರಿಯಿಲ್ಲದ ಊರಿನಲ್ಲಿ ಡೋಲಿಯನ್ನು ಆಕ್ಷೇಪಿಸುವುದು ಸುಲಭ. ಅದಕ್ಕೆ ಬದಲಿಯನ್ನು ಒದಗಿಸುವುದು ಕಷ್ಟ. ಆದರೆ ಅದು ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ಅರಿತರೆ ಈ ಲೇಖನದ ವಿಷಯ ಅರ್ಧ ತಿಳಿದಂತೆ. ಬಟ್ಟೆಯ ಎರಡು ತುದಿಗಳು ಒಂದೇ ಗಳುವಿಗೆ ಬಿಗಿದಾಗ ನಡುಭಾಗ ಜೋತುಬೀಳುತ್ತದೆ. ಒಳಗಿರುವವರ ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಹೆಗಲುಗಳು ಒಳಕ್ಕೆ ಒತ್ತಿಕೊಳ್ಳುತ್ತವೆ, ಗದ್ದ ಎದೆಗೆ ತಾಗುತ್ತದೆ. ಆರೋಗ್ಯವಂತನಿಗೆ ಇದು ಅರ್ಧ ಗಂಟೆಯ ಕಿರಿಕಿರಿ. ಕುತ್ತಿಗೆಯನ್ನು ತಾನಾಗಿ ನಿಲ್ಲಿಸಿಕೊಳ್ಳಲಾರದ ಮಗುವಿಗೆ ಅದೇ ಭಂಗಿ ಉಸಿರಾಟದ ದಾರಿಯನ್ನು ಕಿರಿದಾಗಿಸುತ್ತದೆ. ಬೆನ್ನುಮೂಳೆ ಮುರಿದವನಿಗೆ ಒಳಗಿನ ಹುರಿಯನ್ನೇ ಘಾಸಿಗೊಳಿಸಬಹುದು. ಬಟ್ಟೆ ಒಂದೇ, ದೇಹಗಳು ಬೇರೆ. ಆದುದರಿಂದ ಯಾವುದೇ ಜೋಲಿಯನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ‘ತೂಕವೆಷ್ಟು’ ಎಂಬುದಲ್ಲ. ‘ಈ ದೇಹ ತನ್ನ ಯಾವ ಭಾಗವನ್ನು ತಾನೇ ಹಿಡಿದುಕೊಳ್ಳಬಲ್ಲದು, ಯಾವ ಭಾಗವನ್ನು ಬಟ್ಟೆ ಹಿಡಿಯಬೇಕು’ ಎಂಬುದು.

ಇದು ಶಿಕ್ಷಕರ ಕೈಪಿಡಿಯಲ್ಲಿ ಏಕೆ?

ತೀವ್ರ ಅಥವಾ ಬಹುವಿಧ ಅಂಗವೈಕಲ್ಯವುಳ್ಳ ಮಕ್ಕಳು ಮನೆಯಲ್ಲಿಯೇ ಶಿಕ್ಷಣ ಪಡೆಯಲು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಅವಕಾಶ ನೀಡಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ನಿಗದಿತ ಪ್ರಮಾಣದ ವೈಕಲ್ಯವುಳ್ಳ ಮಗುವಿಗೆ 6ರಿಂದ 18ನೇ ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಡುತ್ತದೆ. ಹಕ್ಕು ಕಾಗದದಿಂದ ಇಳಿದು ತರಗತಿಗೆ ಬರಬೇಕಾದರೆ ಮಗು ಹಾಸಿಗೆಯಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಶೌಚಾಲಯಕ್ಕೆ, ಅಲ್ಲಿಂದ ಮತ್ತೆ ಬೆಂಚಿಗೆ ಹೋಗಬೇಕು. ದಿನಕ್ಕೆ ಆರೇಳು ಬಾರಿ ಯಾರೋ ಒಬ್ಬರು ಎತ್ತಬೇಕು. ಸಾಮಾನ್ಯವಾಗಿ ಆ ಒಬ್ಬರು ತಾಯಿ. ಶಾಲೆಯಲ್ಲಾದರೆ ಆಯಾ, ಅಥವಾ ಶಿಕ್ಷಕರೇ.

ಎಷ್ಟು ತೂಕವನ್ನು ಕೈಯಿಂದ ಎತ್ತಬಹುದು? ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ರೋಗಿಯನ್ನು ಎತ್ತುವ ಕೆಲಸದಲ್ಲಿ ಅನುಕೂಲಕರ ಸ್ಥಿತಿಯಲ್ಲಿಯೂ ಮಿತಿ 35 ಪೌಂಡ್, ಅಂದರೆ ಸುಮಾರು 16 ಕಿಲೋ. ಅಕ್ಕಿಯ ಮೂಟೆ ಹಿಡಿದಲ್ಲಿ ಇರುತ್ತದೆ. ಮಗು ಸೆಟೆದುಕೊಳ್ಳುತ್ತದೆ, ಜಾರುತ್ತದೆ, ಹೆದರಿ ಕುತ್ತಿಗೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಆ ಕಾರಣದಿಂದಲೇ ಮಿತಿ ಇಷ್ಟು ಕಡಿಮೆ. ಆರೋಗ್ಯವಾಗಿ ಬೆಳೆಯುವ ಮಗು ಒಂದನೆಯ ತರಗತಿಗೆ ಬರುವ ಹೊತ್ತಿಗೇ ಈ ಮಿತಿಯನ್ನು ಮುಟ್ಟಿ ದಾಟುತ್ತದೆ. ಡ್ಯೂಶೆನ್ ಎಂಬ ಸ್ನಾಯುಕ್ಷಯದ ಹುಡುಗರು ಹೆಚ್ಚಾಗಿ ಹನ್ನೆರಡು ವರ್ಷದ ಆಸುಪಾಸಿನಲ್ಲಿ ನಡಿಗೆ ಕಳೆದುಕೊಳ್ಳುತ್ತಾರೆ. ತೂಕ ಏರುತ್ತಿರುವಾಗಲೇ ಕಾಲು ಸೋಲುತ್ತದೆ; ಎಷ್ಟೋ ಮನೆಗಳಲ್ಲಿ ಶಾಲೆ ನಿಲ್ಲುವುದು ಪಾಠ ಕಷ್ಟವಾಗಿ ಅಲ್ಲ, ತಾಯಿಯ ಸೊಂಟ ಸೋತು.

ಕಂಬಂ ಕಣಿವೆಯ ಸಂದರ್ಭದಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. 1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟಿನ ನೀರಿನಿಂದ ಈ ಕಣಿವೆ ಭತ್ತ, ತೆಂಗು, ಬಾಳೆ, ದ್ರಾಕ್ಷಿಗಳ ನಾಡಾಯಿತು. ಬೆಳಗಾಗುವ ಮುನ್ನವೇ ಜೀಪುಗಳಲ್ಲಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗುವ ಕೂಲಿಗಳ ನಾಡೂ ಆಯಿತು. ತೆಂಗಿನ ಮರದಿಂದ ಬಿದ್ದವರು, ಘಾಟಿ ರಸ್ತೆಯಲ್ಲಿ ಜೀಪು ಮಗುಚಿ ಬೆನ್ನುಹುರಿಗೆ ಪೆಟ್ಟಾದವರು ಇಂತಹ ಕಡೆ ಅಪರೂಪವಲ್ಲ. ಇಲ್ಲಿನ ಕಪ್ಪಿಲಿಯರ್, ಅನುಪ್ಪರ್ ಮೊದಲಾದ ಸಮುದಾಯಗಳ ಮನೆಮಾತು ಕನ್ನಡ. ದಿಂಡಿಗಲ್ ಜಿಲ್ಲೆಯ ಚಿನ್ನಾಳಪಟ್ಟಿಯ ನೇಕಾರ ದೇವಾಂಗರಲ್ಲಿಯೂ ಕನ್ನಡವಾಡುವವರಿದ್ದಾರೆ. ಆಸ್ಪತ್ರೆಯ ಚೀಟಿ ಬರುವುದು ಇಂಗ್ಲಿಷಿನಲ್ಲಿ, ವಿವರಣೆ ತಮಿಳಿನಲ್ಲಿ. ಅಜ್ಜಿಗೆ ಮನದಟ್ಟಾಗುವುದು ಕನ್ನಡದಲ್ಲಿ. ಹೊಸೂರು, ತಾಳವಾಡಿಗಳ ಶಿಕ್ಷಕರೂ ಇದೇ ಪರಿಸ್ಥಿತಿಯನ್ನು ಬಲ್ಲರು.

ಯಂತ್ರ ಮತ್ತು ಜೋಲಿ

ಎತ್ತುಯಂತ್ರಕ್ಕೆ ಹಾಯ್ಸ್ಟ್ ಎಂದು ಹೆಸರು. ಚಕ್ರಗಳ ಮೇಲೆ ನಿಂತ ಕಂಬ, ಅದರಿಂದ ಮುಂಚಾಚಿದ ತೋಳು, ತೋಳಿನ ತುದಿಯಲ್ಲಿ ಕೊಂಡಿಗಳುಳ್ಳ ತೂಗುದಂಡ. ಕೈಪಂಪಿನಿಂದಲೋ ಬ್ಯಾಟರಿಯಿಂದಲೋ ತೋಳು ಏರುತ್ತದೆ. ಅಮೆರಿಕದಲ್ಲಿ ಇಂದಿಗೂ ಇದನ್ನು ಹೋಯರ್ ಲಿಫ್ಟ್ ಎಂದು ಕರೆಯುವುದು ಟೆಡ್ ಹೋಯರ್ ಅವರ ಹೆಸರಿನಿಂದ. ಅವರು ಅಪಘಾತದಲ್ಲಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡಿದ್ದವರು. ಎತ್ತಿಸಿಕೊಳ್ಳುವವರ ಕಷ್ಟದಿಂದ ಹುಟ್ಟಿದ ಯಂತ್ರವಿದು. ಯಂತ್ರ ಎಷ್ಟೇ ಬಲವಾಗಿದ್ದರೂ ದೇಹಕ್ಕೆ ತಾಗುವುದು ಜೋಲಿ ಮಾತ್ರ, ತಪ್ಪುಗಳು ಹೆಚ್ಚಾಗಿ ಆಗುವುದೂ ಅಲ್ಲಿಯೇ.

ಹೆಚ್ಚು ಬಳಕೆಯಲ್ಲಿರುವುದು ಕವಲುಜೋಲಿ. ಬೆನ್ನಿಗೆ ಅಗಲವಾದ ಬಟ್ಟೆ, ಕೆಳಗೆ ಎರಡು ಕವಲುಗಳು. ಕವಲುಗಳನ್ನು ಒಂದೊಂದು ತೊಡೆಯ ಅಡಿಯಿಂದ ತಂದು, ನಡುವೆ ಒಂದರೊಳಗೊಂದು ಹಾಯಿಸಿ, ಕೊಂಡಿಗೆ ಸಿಕ್ಕಿಸುತ್ತಾರೆ. ಹಾಯಿಸುವುದು ಅಲಂಕಾರಕ್ಕಲ್ಲ, ಕಾಲುಗಳು ಅಗಲವಾಗಿ ತೆರೆದು ಮಗು ಮುಂದಕ್ಕೆ ಜಾರುವುದನ್ನು ಅದು ತಡೆಯುತ್ತದೆ. ಕುರ್ಚಿಯಲ್ಲಿ ಕುಳಿತಿರುವವರಿಗೂ ಇದನ್ನು ತೊಡಿಸಬಹುದು ಎಂಬುದೇ ಇದರ ದೊಡ್ಡ ಅನುಕೂಲ. ಇದರಲ್ಲಿ ತಲೆಗೆ ಆಸರೆಯಿರುವುದೂ ಇಲ್ಲದಿರುವುದೂ ಎಂದು ಎರಡು ಬಗೆ. ಕುತ್ತಿಗೆಯ ಹಿಡಿತದ ಬಗ್ಗೆ ಎಳ್ಳಷ್ಟು ಸಂದೇಹವಿದ್ದರೂ ಆಸರೆಯಿರುವುದನ್ನೇ ಆರಿಸಬೇಕು. ಬೆಳಗ್ಗೆ ತಲೆ ನಿಲ್ಲಿಸುವ ಮಗು ಮಧ್ಯಾಹ್ನದ ದಣಿವಿಗೆ ನಿಲ್ಲಿಸದಿರಬಹುದು. ಶಾಲೆಯಲ್ಲಿರುವವರಿಗೆ ಕಾಣುವುದು ಆ ಮಧ್ಯಾಹ್ನದ ಮಗುವೇ.

ಮುಂಡದ ಮೇಲೆಯೇ ಹಿಡಿತವಿಲ್ಲದವರಿಗೆ, ಎರಡೂ ತೊಡೆಗಳನ್ನು ಕಳೆದುಕೊಂಡವರಿಗೆ ಕವಲು ಸಾಲದು. ಹೆಗಲಿನಿಂದ ಮೊಣಕಾಲಿನವರೆಗೆ ಇಡೀ ದೇಹವನ್ನು ಸುತ್ತುವ ಪೂರ್ಣಜೋಲಿ ಬೇಕು. ಅದನ್ನು ತೊಡಿಸಲು ಮಲಗಿಸಿ ಹೊರಳಿಸಬೇಕಾಗುತ್ತದೆ. ಶ್ರಮ ಹೆಚ್ಚು, ಭದ್ರತೆಯೂ ಹೆಚ್ಚು. ಬೆನ್ನುಮೂಳೆ ಅಥವಾ ಸೊಂಟದ ಕೀಲು ಬಾಗಬಾರದೆಂದು ವೈದ್ಯರು ಹೇಳಿದ್ದರೆ ಈ ಎರಡೂ ಸಲ್ಲವು. ಮಲಗಿದಂತೆಯೇ ಎತ್ತುವ ಚಪ್ಪಟೆ ಜೋಲಿ ಮತ್ತು ಅದಕ್ಕೆ ತಕ್ಕ ಚೌಕಟ್ಟು ಬೇಕು.

ಅತಿ ಹೆಚ್ಚು ದುರ್ಬಳಕೆಯಾಗುವುದು ಶೌಚಜೋಲಿ. ಉಡುಪನ್ನು ಸರಿಸಲು ಅನುಕೂಲವಾಗಲೆಂದು ಇದರ ಹಿಂಭಾಗ ತೆರೆದಿರುತ್ತದೆ. ಬಟ್ಟೆ ಎದೆಯ ಸುತ್ತ ಮತ್ತು ತೊಡೆಯಡಿ ಮಾತ್ರ. ತೊಡಿಸುವುದು ಬೇಗ ಆಗುತ್ತದೆಂದು ಎಲ್ಲ ಕೆಲಸಕ್ಕೂ ಇದನ್ನೇ ಬಳಸುವ ಚಾಳಿ ಬೆಳೆಯುತ್ತದೆ. ತಲೆ, ಮುಂಡ, ತೋಳು ಮೂರರ ಮೇಲೂ ಒಳ್ಳೆಯ ಹಿಡಿತವಿದ್ದು, ತೋಳುಗಳನ್ನು ಪಟ್ಟಿಯ ಹೊರಗೆ ಇಟ್ಟುಕೊಳ್ಳಬಲ್ಲವರಿಗೆ ಮಾತ್ರ ಇದು ಸರಿ. ಸ್ನಾಯುಕ್ಷಯದ ಹುಡುಗನನ್ನು ಕಂಕುಳಿಗೆ ಕೈಕೊಟ್ಟು ಎತ್ತಲು ಹೋದವರಿಗೆ ಆತನ ಹೆಗಲು ಮೇಲೆ ಸರಿದು ದೇಹ ಕೈಯಿಂದ ಕೆಳಗೆ ಜಾರುವುದು ಅನುಭವದಲ್ಲಿ ಗೊತ್ತು. ಶೌಚಜೋಲಿಯಿಂದಲೂ ಆತ ಹಾಗೆಯೇ ಜಾರುತ್ತಾನೆ. ಸೆರೆಬ್ರಲ್ ಪಾಲ್ಸಿ ಇರುವ ಮಗು ಥಟ್ಟನೆ ಬೆನ್ನನ್ನು ಹಿಂದಕ್ಕೆ ಸೆಟೆಸಿದರೆ ಅದೇ ಅಪಾಯ. ಅಂತಹ ಮಗುವಿಗೆ ಸೊಂಟ ಮತ್ತು ಮೊಣಕಾಲು ಚೆನ್ನಾಗಿ ಮಡಿಚಿಕೊಂಡು ಕೂರುವಂತೆ ಹಿಡಿಯುವ, ತಲೆಯಾಸರೆಯುಳ್ಳ ಜೋಲಿ ಬೇಕು; ಮಡಿಚಿದ ಭಂಗಿಯಲ್ಲಿ ಸೆಟೆತ ಕಡಿಮೆಯಾಗುತ್ತದೆ. ನಿಲ್ಲಿಸುವ ಜೋಲಿ ಎಂಬುದೂ ಒಂದಿದೆ. ಒಂದು ಕಾಲಿನ ಮೇಲಾದರೂ ಭಾರ ಹೊರಬಲ್ಲ, ಹಿಡಿ ಹಿಡಿಯಬಲ್ಲ, ಹೇಳಿದ್ದನ್ನು ಅನುಸರಿಸಬಲ್ಲವರಿಗಷ್ಟೇ ಅದು.

ಅಳತೆ

ಬಗೆ ಸರಿಯಾಗಿ ಅಳತೆ ತಪ್ಪಿದರೂ ಫಲ ಒಂದೇ. ಜೋಲಿ ದೊಡ್ಡದಾದರೆ ಮಗು ನಡುವಿನ ತೆರಪಿನಿಂದ ಕೆಳಗೆ ನುಸುಳುತ್ತದೆ. ಚಿಕ್ಕದಾದರೆ ತೊಡೆಸಂದಿಯಲ್ಲಿ ಕೊರೆಯುತ್ತದೆ, ಬೆನ್ನಿಗೆ ಆಸರೆ ಸಾಲದೆ ಮುಗ್ಗರಿಸುವಂತಾಗುತ್ತದೆ. ಬೆಳೆಯುತ್ತದೆಯಲ್ಲ ಎಂದು ಸಮವಸ್ತ್ರವನ್ನು ಒಂದು ಅಳತೆ ದೊಡ್ಡದು ಹೊಲಿಸುವ ರೂಢಿ ನಮ್ಮಲ್ಲಿದೆ; ಜೋಲಿಯ ವಿಷಯದಲ್ಲಿ ಆ ಉಳಿತಾಯ ಅಪಾಯಕಾರಿ. ಸಾಮಾನ್ಯವಾಗಿ ಬೆನ್ನುಮೂಳೆಯ ಕೆಳತುದಿಯಿಂದ ಹೆಗಲಿನವರೆಗೆ, ತಲೆಯಾಸರೆ ಬೇಕಾದಲ್ಲಿ ನೆತ್ತಿಯವರೆಗೆ ಅಳೆಯುತ್ತಾರೆ. ತೊಡೆಯ ಉದ್ದ, ದೇಹದ ಸುತ್ತಳತೆಗಳನ್ನೂ ಸೇರಿಸಿ ತಯಾರಕರ ಪಟ್ಟಿಯೊಂದಿಗೆ ಹೋಲಿಸುತ್ತಾರೆ. ಒಬ್ಬ ತಯಾರಕರ ‘ಮಧ್ಯಮ’ ಇನ್ನೊಬ್ಬರ ‘ಮಧ್ಯಮ’ವಲ್ಲ. ಬೆಳೆಯುವ ಮಗುವನ್ನು ಮತ್ತೆ ಮತ್ತೆ ಅಳೆಯಬೇಕು. ಶಾಲೆಯ ಎತ್ತರ–ತೂಕದ ದಾಖಲೆ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ತೂಕದ ಮಿತಿಯನ್ನು ಯಂತ್ರದ ಮೇಲೂ ತೂಗುದಂಡದ ಮೇಲೂ ಜೋಲಿಯ ಚೀಟಿಯ ಮೇಲೂ ಬರೆದಿರುತ್ತಾರೆ. ಮೂರರಲ್ಲಿ ಅತಿ ಕಡಿಮೆಯಾದುದೇ ಇಡೀ ವ್ಯವಸ್ಥೆಯ ಮಿತಿ. ಕೆಲವು ಜೋಲಿಗಳಿಗೆ ಬಟ್ಟೆಯ ಕುಣಿಕೆಗಳು, ಕೆಲವಕ್ಕೆ ಪ್ಲಾಸ್ಟಿಕ್ ಕ್ಲಿಪ್ಪುಗಳು. ಒಂದರ ದಂಡಕ್ಕೆ ಇನ್ನೊಂದನ್ನು ಹೇಗೋ ಸಿಕ್ಕಿಸುವುದು ಸಲ್ಲದು. ಕುಣಿಕೆಗಳು ಒಂದೊಂದು ಪಟ್ಟಿಯಲ್ಲಿ ಎರಡು ಮೂರು ಬಣ್ಣಗಳಲ್ಲಿರುತ್ತವೆ. ಹೆಗಲಿಗೆ ಗಿಡ್ಡ ಕುಣಿಕೆ, ಕಾಲಿಗೆ ಉದ್ದ ಕುಣಿಕೆ ಹಾಕಿದರೆ ಮಗು ನೆಟ್ಟಗೆ ಕೂರುತ್ತದೆ. ಅದಲುಬದಲು ಮಾಡಿದರೆ ಹಿಂದಕ್ಕೆ ಒರಗುತ್ತದೆ. ಎಡಕ್ಕೂ ಬಲಕ್ಕೂ ಒಂದೇ ಬಣ್ಣವಿರಲೇಬೇಕು.

ಈ ಮಾತನ್ನು ಬಾಯಲ್ಲಿ ಹೇಳುವುದಕ್ಕಿಂತ ತರಗತಿಯಲ್ಲಿ ತೋರಿಸುವುದು ಸುಲಭ. ಒಂದು ಬೊಂಬೆಯನ್ನು ಕರವಸ್ತ್ರದ ಮೇಲಿಟ್ಟು ನಾಲ್ಕು ಮೂಲೆಗಳಿಗೆ ದಾರ ಕಟ್ಟಿ ಎತ್ತಿಸಿದರೆ, ಯಾವ ದಾರ ಗಿಡ್ಡವಾದಾಗ ಬೊಂಬೆ ಯಾವ ಕಡೆ ವಾಲುತ್ತದೆ ಎಂಬುದನ್ನು ಆರನೆಯ ತರಗತಿಯ ಮಕ್ಕಳೇ ಕಂಡುಕೊಳ್ಳುತ್ತಾರೆ. ಗುರುತ್ವಕೇಂದ್ರದ ಪಾಠಕ್ಕೂ ಇದು ಒದಗುತ್ತದೆ. ಮಕ್ಕಳನ್ನೇ ಬೆಡ್‌ಶೀಟಿನಲ್ಲಿ ಹಾಕಿ ಎತ್ತಿಸುವ ಪ್ರಯೋಗಕ್ಕೆ ಮಾತ್ರ ಕೈಹಾಕಬಾರದು.

ಬಟ್ಟೆ

ಸ್ನಾನಕ್ಕೆ ಜಾಲರಿ ಬಟ್ಟೆ, ನಿತ್ಯಬಳಕೆಗೆ ಗಟ್ಟಿ ಪಾಲಿಯೆಸ್ಟರ್. ಎತ್ತಿದ ನಂತರ ಜೋಲಿಯನ್ನು ಮಗುವಿನ ಅಡಿಯಲ್ಲೇ ಬಿಡುವುದು ಅನೇಕರ ಅಭ್ಯಾಸ. ಕಣಿವೆಯ ಬೇಸಿಗೆಯಲ್ಲಿ ಬೆವರು, ಮಡಿಕೆ, ಹೊಲಿಗೆ ಮೂರೂ ಸೇರಿ ಚರ್ಮವನ್ನು ಕೆಡಿಸುತ್ತವೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಸ್ಪರ್ಶಜ್ಞಾನವಿರುವುದಿಲ್ಲ. ಒತ್ತಡದ ಹುಣ್ಣು ಆಳಕ್ಕೆ ಇಳಿದ ಮೇಲೆಯೇ ಮನೆಯವರ ಕಣ್ಣಿಗೆ ಬೀಳುವುದುಂಟು. ಹಾಗೆ ಬಿಡಲೆಂದೇ ನೇಯ್ದ ಜೋಲಿಯಾಗಿದ್ದು ಚಿಕಿತ್ಸಕರು ಒಪ್ಪಿದ್ದರೆ ಹೊರತು ತೆಗೆದುಬಿಡಬೇಕು.

ನೇಕಾರರ ಮತ್ತು ದರ್ಜಿಗಳ ಊರುಗಳಲ್ಲಿ ಒಂದು ಆಸೆ ಸಹಜವಾಗಿ ಹುಟ್ಟುತ್ತದೆ: ಇಷ್ಟು ದುಡ್ಡೇಕೆ, ನಾವೇ ಹೊಲಿದುಬಿಡೋಣ. ಬಟ್ಟೆಯನ್ನು ಬಲ್ಲವರಿಗೇ ಇದರ ಉತ್ತರವೂ ಗೊತ್ತು. ಹಾಸಿನ ನೇರಕ್ಕೆ ಗಟ್ಟಿಯಾಗಿರುವ ಬಟ್ಟೆ ಓರೆಯಾಗಿ ಎಳೆದಾಗ ಹಿಗ್ಗುತ್ತದೆ. ಹರಿಯುವುದು ಹೊಲಿಗೆಯ ಸಾಲಿನಲ್ಲಿ. ಮಾರಾಟಕ್ಕೆ ಬರುವ ಜೋಲಿಯನ್ನು ಅದು ಹೊರಬೇಕಾದುದಕ್ಕಿಂತ ಹೆಚ್ಚಿನ ಭಾರದಿಂದ ಪರೀಕ್ಷಿಸಿರುತ್ತಾರೆ. ಮನೆಯ ಹೊಲಿಗೆಗೆ ಆ ಪರೀಕ್ಷೆ ಮಗುವಿನ ಮೇಲೆಯೇ ನಡೆಯುತ್ತದೆ. ಕೊಂಡ ಜೋಲಿಯನ್ನೂ ಪ್ರತಿ ಬಾರಿ ನೋಡಬೇಕು: ಬಿಟ್ಟ ಹೊಲಿಗೆ, ಸವೆದ ಕುಣಿಕೆ, ಬಣ್ಣಗೆಟ್ಟ ಪಟ್ಟಿ, ಓದಲಾಗದ ಚೀಟಿ ಇವುಗಳಲ್ಲಿ ಒಂದು ಕಂಡರೂ ಅದನ್ನು ಬಳಕೆಯಿಂದ ತೆಗೆಯಬೇಕು. ಬ್ಲೀಚಿನಲ್ಲಿ ಒಗೆದರೆ ನೂಲು ಬಲಗೆಡುತ್ತದೆ.

ಎತ್ತುವಾಗ ಇಬ್ಬರಿರುವುದು ಲೇಸು. ಬಟ್ಟೆ ಬಿಗಿಯಾಗುವವರೆಗೆ ಎತ್ತಿ, ಹಾಸಿಗೆಯಿಂದ ನಾಲ್ಕು ಬೆರಳು ಮೇಲೆ ನಿಲ್ಲಿಸಿ, ನಾಲ್ಕೂ ಕುಣಿಕೆಗಳನ್ನು, ಮಗುವಿನ ಮುಖವನ್ನು ನೋಡಿ ಮುಂದುವರಿಯಬೇಕು. ಗಾಲಿಕುರ್ಚಿಯ ಬ್ರೇಕು ಹಾಕಿರಬೇಕು. ಯಂತ್ರದ ಚಕ್ರಗಳ ಬ್ರೇಕಿನ ಬಗ್ಗೆ ತಯಾರಕರ ಸೂಚನೆಯನ್ನು ಪಾಲಿಸಬೇಕು. ಏನು ಮಾಡಲಿದ್ದೇವೆಂದು ಮಗುವಿಗೆ ಮೊದಲೇ ಹೇಳಬೇಕು, ಮಾತು ಬಾರದ ಮಗುವಿಗೂ.

ಬಹುಪಾಲು ಮನೆಗಳಲ್ಲಿ ಯಂತ್ರವೇ ಇಲ್ಲ. ಅಲ್ಲಿ ಎತ್ತುವುದಕ್ಕಿಂತ ಜಾರಿಸುವುದು ಮೇಲು: ಹಾಸಿಗೆ ಮತ್ತು ಕುರ್ಚಿಯ ಎತ್ತರವನ್ನು ಸಮಮಾಡಿ, ನಡುವೆ ನಯವಾದ ಹಲಗೆಯಿಟ್ಟು ಸರಿಸಬಹುದು. ಮರದಿಂದ ಬಿದ್ದವರನ್ನು ಮಾತ್ರ ಯಾವ ಬಟ್ಟೆಯಲ್ಲೂ ಮುದುಡಿಸದೆ, ಬಿದ್ದಲ್ಲೇ ಅಲುಗಾಡದಂತೆ ಇರಿಸಿ 108ಕ್ಕೆ ಕರೆಮಾಡಬೇಕು. ಸಾಗಿಸಲೇಬೇಕಾದರೆ ಗಟ್ಟಿ ಹಲಗೆಯ ಮೇಲೆ, ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ.

ಯಾವ ಮಗುವಿಗೆ ಯಾವ ಜೋಲಿ ಎಂಬ ಅಂತಿಮ ತೀರ್ಮಾನ ಫಿಸಿಯೋಥೆರಪಿಸ್ಟರದು. ಸಮಗ್ರ ಶಿಕ್ಷಾ ಯೋಜನೆಯ ಬ್ಲಾಕ್ ಸಂಪನ್ಮೂಲ ಕೇಂದ್ರಗಳ ಮೂಲಕ ಅವರನ್ನು ಸಂಪರ್ಕಿಸಬಹುದು. 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯಲ್ಲಿ ಮನೆಬಾಗಿಲಿನ ಫಿಸಿಯೋಥೆರಪಿಯೂ ಸೇರಿದೆ. ಅವರು ಬಂದಾಗ ಶಿಕ್ಷಕರು ಹೇಳಬೇಕಾದುದು ರೋಗದ ಹೆಸರನ್ನಲ್ಲ, ತಾವು ಕಂಡುದನ್ನು: ಊಟದ ಹೊತ್ತಿಗೆ ತಲೆ ಯಾವ ಕಡೆ ವಾಲುತ್ತದೆ, ನಕ್ಕಾಗ ಕಾಲು ಸೆಟೆಯುತ್ತದೆಯೇ, ಶೌಚಾಲಯದ ಬಾಗಿಲು ಎಷ್ಟು ಅಗಲ.

ತೀರ್ಮಾನವಾದ ಮೇಲೆ ಒಂದು ರಟ್ಟಿನಲ್ಲಿ ಮಗುವಿನ ಹೆಸರು, ಜೋಲಿಯ ಬಗೆ, ಅಳತೆ, ಹೆಗಲಿನ ಕುಣಿಕೆಯ ಬಣ್ಣ, ಕಾಲಿನ ಕುಣಿಕೆಯ ಬಣ್ಣಗಳನ್ನು ಬರೆದು ಹಾಸಿಗೆಯ ಬಳಿ ತೂಗುಹಾಕಬೇಕು. ಕಂಬಂ ಕಡೆಯ ಕನ್ನಡ ಮನೆಗಳಲ್ಲಿ ಮಾತು ಕನ್ನಡವಾದರೂ ಓದುಬರಹ ತಮಿಳಿನದು. ಅಂತಹ ಕಡೆ ರಟ್ಟಿನ ಅಕ್ಷರ ತಮಿಳಿನಲ್ಲಿರಲಿ, ವಿವರಣೆ ಕನ್ನಡದಲ್ಲಾಗಲಿ. ಬಣ್ಣಗಳನ್ನು ಹೆಸರಿನಿಂದ ಬರೆಯುವುದರ ಜೊತೆಗೆ ಅದೇ ಬಣ್ಣದ ನೂಲಿನ ತುಂಡನ್ನು ರಟ್ಟಿಗೆ ಅಂಟಿಸಿದರೆ ಓದುಬಾರದ ಅಜ್ಜಿಯೂ ಸರಿಯಾದ ಕುಣಿಕೆಯನ್ನು ಹಾಕುತ್ತಾಳೆ.