ಸ್ಕೂಬಾಗೆ ಮರಳುವ ಮುನ್ನ, ಘಟ್ಟ ಹತ್ತುವ ಮುನ್ನ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯವರು ಸ್ಕೂಬಾ ಅಂದರೆ ಹೊರಡೋದು ಮುರುಡೇಶ್ವರಕ್ಕೆ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪ.

ಡೈವಿಂಗ್ ಕಲಿತು ವರ್ಷಗಳೇ ಕಳೆದಿವೆಯಾ? ಹಾಗಾದರೆ ನೇರ ಆಳಕ್ಕೆ ಬೇಡ. ಆರೋಗ್ಯ ಬದಲಾಗಿದ್ದರೆ ವೈದ್ಯರನ್ನು ಕೇಳಿ, ಆಮೇಲೆ ರಿಫ್ರೆಶರ್ (ಮರುಅಭ್ಯಾಸ) ತರಬೇತಿ ಮಾಡಿ.

ಕಾವೇರಿಯಲ್ಲಿ ಮುಳುಗು ಹಾಕಿ ಬೆಳೆದವರಿಗೆ ಉಸಿರು ಬಿಗಿಹಿಡಿಯೋದು ರೂಢಿ. ಸ್ಕೂಬಾದಲ್ಲಿ ಅದೇ ಅಪಾಯ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಾಗ ದುಪ್ಪಟ್ಟು ಹಿಗ್ಗುತ್ತೆ. ಉಸಿರು ಹಿಡಿದರೆ ಶ್ವಾಸಕೋಶಕ್ಕೇ ಪೆಟ್ಟು.

ಮೊದಲು ತಿರುಗಿ ಕಲಿಯಬೇಕಾದ್ದು ಮಾಸ್ಕಿನ ನೀರು ತೆಗೆಯೋದು. ಮೇಲಿನ ಅಂಚನ್ನು ಹಣೆಗೆ ಒತ್ತಿ. ತಲೆ ತುಸು ಮೇಲೆತ್ತಿ. ಮೂಗಿನಿಂದ ನಿಧಾನವಾಗಿ ಗಾಳಿ ಬಿಡಿ. ನೀರು ಕೆಳಗಿನಿಂದ ಹೊರಗೆ ಹೋಗುತ್ತೆ. ಎದೆಬಡಿತ ಹತೋಟಿಗೆ ಬರೋವರೆಗೂ ಆಳವಿಲ್ಲದ ನೀರಲ್ಲೇ ಮಾಡಿ.

ಈಗ ನಮ್ಮ ಕಡೆಯವರು ಮರೆಯೋ ವಿಷಯ: ವಾಪಸ್ ಬರೋ ದಾರಿ. ಆಳದಲ್ಲಿ ಮೈಗೆ ಸೇರಿದ ನೈಟ್ರೋಜನ್ ನಿಧಾನಕ್ಕೆ ಹೊರಹೋಗಬೇಕು. ಬೇಗ ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗಿ ಕೀಲುನೋವು, ಮರಗಟ್ಟುವಿಕೆ ತರಬಹುದು. ವಿಮಾನ ಹತ್ತಬಾರದು ಅಂತ ಎಲ್ಲರಿಗೂ ಗೊತ್ತು. ಆದರೆ ನಮ್ಮೂರುಗಳೇ ಸಮುದ್ರಮಟ್ಟದಿಂದ 600 ಮೀಟರಿಗಿಂತ ಮೇಲಿವೆ! ಘಟ್ಟ ಹತ್ತೋದೂ ಎತ್ತರಕ್ಕೆ ಹೋದ ಹಾಗೇ.

ವಿಮಾನಕ್ಕೆ ಹೇಳೋ ಲೆಕ್ಕವನ್ನೇ ಇಟ್ಟುಕೊಳ್ಳಿ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಆದರೆ ಕನಿಷ್ಠ 18. ಆ ರಾತ್ರಿ ಮುರುಡೇಶ್ವರದಲ್ಲೇ ರೂಮು ಮಾಡಿ, ಕಾರನ್ನು ಮಾರನೇ ದಿನ ತೆಗೀರಿ.